ಭೂದೋಷ ರಿಲೇ: ಯಾವ ಜಾಲಕ್ಕೆ ಯಾವುದು, ಸೆಟ್ಟಿಂಗ್ ಎಷ್ಟು

ಫೇಸ್ ತಂತಿಯಿಂದ ಪ್ರವಾಹ ಭೂಮಿಗೆ ಹರಿದಾಗ ಅದನ್ನು ಗುರುತಿಸಿ ಬ್ರೇಕರನ್ನು ತೆರೆಸುವ ಭೂದೋಷ ರಿಲೇಯನ್ನು ಆರಿಸುವವರು ಸಾಮಾನ್ಯವಾಗಿ ತಯಾರಕರ ಪಟ್ಟಿಯನ್ನು ತೆರೆದು, ಯಾವ ರಿಲೇಯಲ್ಲಿ ಎಷ್ಟು ಸೌಲಭ್ಯಗಳಿವೆ ಎಂದು ಹೋಲಿಸುವುದರಿಂದ ಕೆಲಸ ಆರಂಭಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಕೊನೆಯಲ್ಲಿ ಮಾಡಬೇಕಾದ ಕೆಲಸ. ಫೇಸ್‌ನ ತಂತಿ ಭೂಮಿಗೆ ತಾಗಿದಾಗ ಎಷ್ಟು ಪ್ರವಾಹ ಹರಿಯುತ್ತದೆ, ಅದು ಯಾವ ದಾರಿಯಲ್ಲಿ ಮೂಲಕ್ಕೆ ಹಿಂತಿರುಗುತ್ತದೆ, ಆ ದಾರಿಯಲ್ಲಿ ಪ್ರವಾಹವನ್ನು ರಿಲೇಗಾಗಿ ಇಳಿಸಿಕೊಡುವ ಸಿ.ಟಿ. (ಕರೆಂಟ್ ಟ್ರಾನ್ಸ್‌ಫಾರ್ಮರ್) ಎಲ್ಲಿ ಕುಳಿತಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆ ರಿಲೇಯ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ತೀರ್ಮಾನವಾಗಿರುತ್ತದೆ. ಈ ಮೂರಕ್ಕೆ ಉತ್ತರವಿಲ್ಲದೆ ಕೊಂಡ ರಿಲೇ ಎಷ್ಟೇ ಉತ್ತಮವಾದುದಾಗಿದ್ದರೂ, ನಿಜವಾದ ದೋಷದ ಹೊತ್ತಿನಲ್ಲಿ ಸುಮ್ಮನಿರುತ್ತದೆ, ಇಲ್ಲವೇ ಮೋಟಾರು ಚಾಲೂ ಆದಾಗಲೆಲ್ಲ ಟ್ರಿಪ್ ಆಗುತ್ತದೆ.

ಇಲ್ಲಿ ಹೇಳುತ್ತಿರುವುದು ಉಪಕರಣಗಳನ್ನೂ ಜಾಲವನ್ನೂ ಕಾಯುವ ರಿಲೇಗಳ ವಿಷಯ ಎಂಬುದನ್ನು ಮೊದಲಿಗೇ ಸ್ಪಷ್ಟಪಡಿಸುತ್ತೇನೆ. ಮನುಷ್ಯನಿಗೆ ಶಾಕ್ ತಗುಲದಂತೆ ಕಾಯುವ ಸಾಧನಗಳು 30 ಮಿಲಿಆಂಪಿಯರ್ ಮಟ್ಟದಲ್ಲಿ ಕೆಲಸ ಮಾಡುತ್ತವೆ. ಅಮೆರಿಕದ ಪದ್ಧತಿಯಲ್ಲಿ ಇದು ಇನ್ನೂ ಕಡಿಮೆ, 4ರಿಂದ 6 ಮಿಲಿಆಂಪಿಯರ್. ಕೆಲವು ಆಂಪಿಯರುಗಳಿಂದ ಹಿಡಿದು ನೂರಾರು ಆಂಪಿಯರುಗಳವರೆಗೆ ಸೆಟ್ ಮಾಡುವ ಭೂದೋಷ ರಿಲೇ ಜೀವರಕ್ಷಕ ಸಾಧನಕ್ಕೆ ಎಂದಿಗೂ ಬದಲಿಯಲ್ಲ. ಎರಡನ್ನೂ ಒಂದೇ ಎಂದು ಭಾವಿಸಿ ಅಂತಿಮ ಸರ್ಕ್ಯೂಟುಗಳ ರಕ್ಷಣೆಯನ್ನು ಬಿಟ್ಟುಬಿಡುವುದು ಅಪಾಯಕಾರಿ.

ನ್ಯೂಟ್ರಲ್ ಹೇಗೆ ಭೂಮಿಗೆ ಸೇರಿದೆ

ಟ್ರಾನ್ಸ್‌ಫಾರ್ಮರಿನ ಅಥವಾ ಜನರೇಟರಿನ ನ್ಯೂಟ್ರಲ್ ಬಿಂದುವನ್ನು, ಎಂದರೆ ಮೂರು ಫೇಸ್‌ಗಳ ಸುತ್ತುಗಳು ಸ್ಟಾರ್ ಆಕಾರದಲ್ಲಿ ಕೂಡುವ ಬಿಂದುವನ್ನು, ಭೂಮಿಗೆ ನೇರವಾಗಿ ಜೋಡಿಸಿದ್ದರೆ ದೋಷ ಪ್ರವಾಹ ಸಾವಿರಾರು ಆಂಪಿಯರುಗಳಷ್ಟಿರುತ್ತದೆ. ಇದನ್ನು ಪತ್ತೆಹಚ್ಚುವುದು ಸುಲಭ ಎಂದು ತೋರಿದರೂ ಕಡಿಮೆ ವೋಲ್ಟೇಜಿನ ದೊಡ್ಡ ಪ್ಯಾನೆಲ್‌ಗಳಲ್ಲಿ ಒಂದು ಮೋಸವಿದೆ. ಬಸ್‌ಬಾರಿನಿಂದ (ಪ್ಯಾನೆಲ್ಲಿನೊಳಗೆ ಪ್ರವಾಹ ಹೊರುವ ಲೋಹದ ಪಟ್ಟಿಯಿಂದ) ಪ್ಯಾನೆಲ್ಲಿನ ಲೋಹದ ಮೈಗೆ ಕಿಡಿಯ ಮೂಲಕ ಹರಿಯುವ ದೋಷದಲ್ಲಿ, ಆ ಕಿಡಿಯದೇ ರೋಧದಿಂದಾಗಿ ಪ್ರವಾಹ ಲೆಕ್ಕ ಹಾಕಿದ ಮೌಲ್ಯಕ್ಕಿಂತ ಬಹಳ ಕಡಿಮೆಯಾಗುತ್ತದೆ. 2500 ಆಂಪಿಯರಿನ ಬ್ರೇಕರಿನ ಮುಂದೆ 2000 ಆಂಪಿಯರಿನ ಕಿಡಿ ಉರಿಯುತ್ತಿದ್ದರೆ, ಫೇಸ್ ರಕ್ಷಣೆಗೆ ಅದು ಒಂದು ಸಾಧಾರಣ ಲೋಡಿನಂತೆಯೇ ಕಾಣುತ್ತದೆ. ಅದು ಟ್ರಿಪ್ ಕೊಡಲು ಕಾರಣವೇ ಇಲ್ಲ, ಅಷ್ಟರಲ್ಲಿ ಪ್ಯಾನೆಲ್ ಕರಗಿಹೋಗಿರುತ್ತದೆ. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯಲ್ಲಿ 1971ರ ಆವೃತ್ತಿಯಲ್ಲಿ ಬಂದ ನಿಯಮ ಇದೇ ಅಪಾಯಕ್ಕೆ ಉತ್ತರ: ಭೂಮಿಗೆ 150 ವೋಲ್ಟಿಗಿಂತ ಹೆಚ್ಚಿರುವ, ನ್ಯೂಟ್ರಲ್ ನೇರವಾಗಿ ಭೂಮಿಗೆ ಸೇರಿರುವ ಕಡಿಮೆ ವೋಲ್ಟೇಜಿನ ಸ್ಟಾರ್ ಜಾಲಗಳಲ್ಲಿ, 1000 ಆಂಪಿಯರ್ ಅಥವಾ ಹೆಚ್ಚಿನ ಮುಖ್ಯ ಸ್ವಿಚ್ಚಿಗೆ ಭೂದೋಷ ರಕ್ಷಣೆ ಇರಲೇಬೇಕು, ಅದರ ಸೆಟ್ಟಿಂಗ್ 1200 ಆಂಪಿಯರನ್ನು ಮೀರಬಾರದು, 3000 ಆಂಪಿಯರ್ ಮತ್ತು ಅದಕ್ಕಿಂತ ಹೆಚ್ಚಿನ ದೋಷಕ್ಕೆ ವಿಳಂಬ ಒಂದು ಸೆಕೆಂಡನ್ನು ಮೀರಬಾರದು. ಆ ನಿಯಮ ಅನ್ವಯವಾಗದ ಕಡೆಯೂ ಈ ಮಿತಿಗಳು ಒಳ್ಳೆಯ ಅಳತೆಗೋಲು. ಆದರೆ 1200 ಎಂಬುದು ಗರಿಷ್ಠ ಮಿತಿಯೇ ಹೊರತು ಶಿಫಾರಸು ಮಾಡಿದ ಸೆಟ್ಟಿಂಗ್ ಅಲ್ಲ.

ಮಧ್ಯಮ ವೋಲ್ಟೇಜಿನ ಕಾರ್ಖಾನೆ ಜಾಲಗಳಲ್ಲಿ ನ್ಯೂಟ್ರಲ್‌ಗೂ ಭೂಮಿಗೂ ನಡುವೆ ಒಂದು ರೋಧಕವನ್ನಿಟ್ಟು ದೋಷ ಪ್ರವಾಹವನ್ನು 100ರಿಂದ 400 ಆಂಪಿಯರಿನ ಆಸುಪಾಸಿಗೆ ಇಳಿಸುವುದು ವಾಡಿಕೆ. 11 ಕಿಲೋವೋಲ್ಟ್ ಜಾಲದಲ್ಲಿ ಫೇಸ್‌ನಿಂದ ಭೂಮಿಗೆ 6351 ವೋಲ್ಟ್ ಇರುತ್ತದೆ, ಸುಮಾರು 15.9 ಓಮ್‌ನ ರೋಧಕವಿಟ್ಟರೆ ಪ್ರವಾಹ 400 ಆಂಪಿಯರಿಗೆ ಸೀಮಿತವಾಗುತ್ತದೆ. ಈ ಉದಾಹರಣೆಯನ್ನೇ ಮುಂದೆಯೂ ಬಳಸುತ್ತೇನೆ, ಏಕೆಂದರೆ ರಿಲೇಯ ಆಯ್ಕೆ ನಿಜವಾಗಿ ಸೂಕ್ಷ್ಮವಾಗುವುದು ಇಂತಹ ಜಾಲಗಳಲ್ಲಿಯೇ.

ಹೆಚ್ಚು ರೋಧದ ಪದ್ಧತಿಯಲ್ಲಿ ಪ್ರವಾಹವನ್ನು 10 ಆಂಪಿಯರ್ ಅಥವಾ ಅದಕ್ಕಿಂತ ಕೆಳಗೆ ಇಳಿಸಿ, ಮೊದಲ ದೋಷಕ್ಕೆ ಟ್ರಿಪ್ ಕೊಡದೆ ಎಚ್ಚರಿಕೆಯ ಗಂಟೆಯನ್ನಷ್ಟೇ ಬಾರಿಸಿ, ಕೆಲಸ ಮುಂದುವರಿಸುತ್ತಲೇ ದೋಷವನ್ನು ಹುಡುಕುತ್ತಾರೆ. ನ್ಯೂಟ್ರಲ್ ಭೂಮಿಗೆ ಸೇರಿಯೇ ಇಲ್ಲದ ಜಾಲದಲ್ಲಿ ಕೇಬಲ್ಲುಗಳ ಧಾರಕತೆಯ (ಕೆಪಾಸಿಟೆನ್ಸ್) ಮೂಲಕ ಹರಿಯುವ ಸಣ್ಣ ಪ್ರವಾಹ ಮಾತ್ರ ಇರುತ್ತದೆ. ಅಲ್ಲಿ ವೋಲ್ಟೇಜನ್ನು ನೋಡುವ ರಿಲೇ ದೋಷವಿದೆ ಎಂದು ಹೇಳಬಲ್ಲದು, ಎಲ್ಲಿದೆ ಎಂದು ಹೇಳಲಾರದು. ಈ ಎರಡರಲ್ಲಿಯೂ ಒಂದು ಫೇಸ್ ಭೂಮಿಗೆ ತಾಗಿದಾಗ ಉಳಿದೆರಡು ಫೇಸ್‌ಗಳ ಮೇಲೆ ಭೂಮಿಗೆ ಹೋಲಿಸಿದ ವೋಲ್ಟೇಜ್ 1.73 ಪಟ್ಟಾಗುತ್ತದೆ. ಎಚ್ಚರಿಕೆಯ ಗಂಟೆಯನ್ನು ದಿನಗಟ್ಟಲೆ ನಿರ್ಲಕ್ಷಿಸಿದರೆ ಇನ್ನೊಂದು ಫೇಸ್‌ನಲ್ಲಿ ನಿರೋಧನ ಸೋತು, ಎರಡು ಬೇರೆ ಬೇರೆ ಜಾಗಗಳ ದೋಷಗಳು ಸೇರಿ ದೊಡ್ಡ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ದೋಷವನ್ನು ಕೂಡಲೇ ಹುಡುಕುವ ಸಿಬ್ಬಂದಿ ಇಲ್ಲದ ಸ್ಥಾವರಕ್ಕೆ, ಮೊದಲ ದೋಷದಲ್ಲಿ ಟ್ರಿಪ್ ಆಗುವುದಿಲ್ಲ ಎಂಬ ಒಂದೇ ಕಾರಣದಿಂದ ಈ ಪದ್ಧತಿಯನ್ನು ಆರಿಸುವುದನ್ನು ನಾನು ಒಪ್ಪುವುದಿಲ್ಲ.

ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ವಾಲ್ಡೆಮಾರ್ ಪೀಟರ್ಸನ್ ರೂಪಿಸಿದ ಸುರುಳಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಧಾರಕ ಪ್ರವಾಹವನ್ನು ಅಳಿಸುವ ಪದ್ಧತಿಯೂ ಇದೆ. ಅಂತಹ ಜಾಲದಲ್ಲಿ ಪ್ರವಾಹದ ಪ್ರಮಾಣವನ್ನಷ್ಟೇ ನೋಡುವ ಸಾಮಾನ್ಯ ರಿಲೇಗಳು ಉಪಯೋಗಕ್ಕೆ ಬಾರವು. ಉಳಿದ ಸಣ್ಣ ಪ್ರವಾಹದ ಸಕ್ರಿಯ ಅಂಶವನ್ನು ಗುರುತಿಸುವ ದಿಕ್ಕು ಸೂಕ್ಷ್ಮ ರಿಲೇ ಬೇಕಾಗುತ್ತದೆ.

ಮೂರು ಕಣ್ಣುಗಳು: ಸಿ.ಟಿ. ಎಲ್ಲಿರಬೇಕು

ದೋಷ ಪ್ರವಾಹವನ್ನು ಗಮನಿಸಲು ಮುಖ್ಯವಾಗಿ ಮೂರು ದಾರಿಗಳಿವೆ. ಮೂರು ಫೇಸ್‌ಗಳ ಸಿ.ಟಿ.ಗಳ ಮೊತ್ತವನ್ನು (ದೋಷವಿಲ್ಲದಾಗ ಇದು ಸೊನ್ನೆ, ಉಳಿದದ್ದೇ ಶೇಷ) ತೆಗೆಯುವ ಶೇಷ ಜೋಡಣೆ ಮೊದಲನೆಯದು. ಮೂರೂ ಫೇಸ್‌ಗಳನ್ನು ಒಂದೇ ಉಂಗುರದೊಳಗೆ ಹಾಯಿಸುವ ಕೋರ್ ಬ್ಯಾಲೆನ್ಸ್ ಸಿ.ಟಿ. ಎರಡನೆಯದು, ನ್ಯೂಟ್ರಲ್‌ನಿಂದ ಭೂಮಿಗೆ ಹೋಗುವ ತಂತಿಯ ಮೇಲೆಯೇ ಕೂರುವ ಸಿ.ಟಿ. ಮೂರನೆಯದು. ರಕ್ಷಣೆಯ ನಕ್ಷೆಗಳಲ್ಲಿ ಶೇಷ ಜೋಡಣೆಯ ರಿಲೇಯನ್ನು 50ಎನ್ ಅಥವಾ 51ಎನ್ ಎಂದೂ, ಬೇರೆಯದೇ ಸಿ.ಟಿ.ಯಿಂದ ನೇರವಾಗಿ ಅಳೆಯುವ ರಿಲೇಯನ್ನು 50ಜಿ ಅಥವಾ 51ಜಿ ಎಂದೂ ಗುರುತಿಸುವುದು ರೂಢಿ. ಕೊನೆಯ ಅಕ್ಷರದ ಈ ವ್ಯತ್ಯಾಸವನ್ನು ಗಮನಿಸದೆ ಸೆಟ್ಟಿಂಗ್ ಬರೆದರೆ ಅದು ತಪ್ಪಾದ ಸಿ.ಟಿ. ಅನುಪಾತಕ್ಕೆ ಅನ್ವಯವಾಗಿಬಿಡುತ್ತದೆ.

ಶೇಷ ಜೋಡಣೆಯ ಅನುಕೂಲವೆಂದರೆ ಹೊಸ ಸಿ.ಟಿ. ಬೇಡ, ಫೇಸ್ ರಕ್ಷಣೆಗೆ ಇರುವ ಮೂರೇ ಸಾಕು. ಅದರ ಮಿತಿಯೂ ಅಲ್ಲಿಯೇ ಇದೆ. ಫೇಸ್ ಸಿ.ಟಿ.ಗಳ ಅನುಪಾತ ಲೋಡಿಗೆ ತಕ್ಕಂತೆ ದೊಡ್ಡದಾಗಿರುತ್ತದೆ. ನಮ್ಮ 11 ಕಿಲೋವೋಲ್ಟ್ ಜಾಲದ ಒಂದು ಫೀಡರಿನಲ್ಲಿ (ಪ್ಯಾನೆಲ್ಲಿನಿಂದ ಲೋಡಿಗೆ ಹೋಗುವ ಸಾಲಿನಲ್ಲಿ) 600 ಆಂಪಿಯರನ್ನು 1 ಆಂಪಿಯರಿಗೆ ಇಳಿಸುವ 600/1 ಸಿ.ಟಿ.ಗಳಿವೆ ಎಂದುಕೊಳ್ಳೋಣ. ರಿಲೇಯನ್ನು ಶೇಕಡಾ 10ಕ್ಕೆ ಇಟ್ಟರೂ ಅದು 60 ಆಂಪಿಯರಿಗೆ ಮಾತ್ರ ಎಚ್ಚೆತ್ತುಕೊಳ್ಳುತ್ತದೆ, ಎಂದರೆ ಲಭ್ಯವಿರುವ 400 ಆಂಪಿಯರಿನ ಶೇಕಡಾ 15ಕ್ಕೆ. ಸ್ಟಾರ್ ಸುತ್ತಿನ ಯಂತ್ರದಲ್ಲಿ ದೋಷವು ಸ್ಟಾರ್ ಬಿಂದುವಿಗೆ ಹತ್ತಿರವಾದಷ್ಟೂ ಅಲ್ಲಿನ ವೋಲ್ಟೇಜ್ ಕಡಿಮೆ, ಹಾಗಾಗಿ ದೋಷ ಪ್ರವಾಹವೂ ಅದೇ ಪ್ರಮಾಣದಲ್ಲಿ ಕಡಿಮೆ. ಈ ಸೆಟ್ಟಿಂಗಿನಲ್ಲಿ ಸ್ಟಾರ್ ಬಿಂದುವಿನಿಂದ ಶೇಕಡಾ 15ರಷ್ಟು ಸುತ್ತು ರಕ್ಷಣೆಯಿಲ್ಲದೆ ಉಳಿಯುತ್ತದೆ.

ಇನ್ನೊಂದು ತೊಂದರೆ ಮೋಟಾರು ಚಾಲೂ ಆಗುವಾಗಿನದು. ಚಾಲೂ ಆಗುವ ಪ್ರವಾಹ ಪೂರ್ಣ ಲೋಡಿನ ಆರು ಪಟ್ಟಿನ ಸುಮಾರಿಗೆ ಏರಿ, ಅದರಲ್ಲಿ ಕೆಲವು ಆವರ್ತಗಳವರೆಗೆ ಏಕಮುಖ ಅಂಶವೂ ಬೆರೆತಾಗ ಮೂರು ಸಿ.ಟಿ.ಗಳು ಒಂದೇ ರೀತಿ ವರ್ತಿಸುವುದಿಲ್ಲ. ಒಂದು ಮೊದಲು ಸಂತೃಪ್ತವಾಗುತ್ತದೆ (ಅದರ ಕಬ್ಬಿಣದ ತಿರುಳು ಇನ್ನಷ್ಟು ಕಾಂತವನ್ನು ಹೊರಲಾರದೆ ಅಳತೆ ತಪ್ಪುತ್ತದೆ), ಮೊತ್ತದಲ್ಲಿ ಸುಳ್ಳು ಶೇಷ ಹುಟ್ಟುತ್ತದೆ. ಸ್ಟೆಬಿಲೈಸಿಂಗ್ ರೋಧಕವನ್ನು ಸರಣಿಯಲ್ಲಿ ಸೇರಿಸುವುದು ಅಥವಾ ಸಣ್ಣ ವಿಳಂಬ ಕೊಡುವುದು ಇದಕ್ಕೆ ಪರಿಹಾರ. ಆದರೆ ಅನೇಕ ಕಡೆಗಳಲ್ಲಿ ಮಾಡುವುದು ಬೇರೆಯೇ: ಟ್ರಿಪ್ ನಿಲ್ಲುವವರೆಗೆ ಪಿಕಪ್ಪನ್ನು, ಎಂದರೆ ರಿಲೇ ಎಚ್ಚೆತ್ತುಕೊಳ್ಳುವ ಪ್ರವಾಹದ ಸೆಟ್ಟಿಂಗನ್ನು, ಏರಿಸುತ್ತಾ ಹೋಗುತ್ತಾರೆ. 60 ಆಂಪಿಯರಿನಿಂದ 180ಕ್ಕೆ ಏರಿದ ಸೆಟ್ಟಿಂಗ್ ಸುಳ್ಳು ಟ್ರಿಪ್ಪನ್ನು ನಿಲ್ಲಿಸುತ್ತದೆ, ಅದರ ಜೊತೆಯಲ್ಲಿ ಸುಮಾರು ಅರ್ಧ ಸುತ್ತಿನ ರಕ್ಷಣೆಯನ್ನೂ ನಿಲ್ಲಿಸುತ್ತದೆ.

ಕೋರ್ ಬ್ಯಾಲೆನ್ಸ್ ಸಿ.ಟಿ.ಯಲ್ಲಿ ಮೂರು ಫೇಸ್‌ಗಳ ಕಾಂತಕ್ಷೇತ್ರಗಳು ಉಂಗುರದೊಳಗೇ ಪರಸ್ಪರ ಅಳಿಸಿಹೋಗುವುದರಿಂದ, ಲೋಡ್ ಎಷ್ಟೇ ಇದ್ದರೂ ಅನುಪಾತವನ್ನು ಚಿಕ್ಕದಾಗಿ ಇಟ್ಟುಕೊಳ್ಳಬಹುದು. 100/1 ಅನುಪಾತದ ಉಂಗುರದಲ್ಲಿ ಶೇಕಡಾ 5ರ ಸೆಟ್ಟಿಂಗ್ ಎಂದರೆ 5 ಆಂಪಿಯರ್, ಅಂದರೆ 400ರ ಶೇಕಡಾ 1.25. ಹೋಲಿಕೆಯಲ್ಲಿ ಇದು ಶೇಷ ಜೋಡಣೆಗಿಂತ ಬಹಳ ಮುಂದಿದೆ. ರೋಧಕದ ಮೂಲಕ ಭೂಮಿಗೆ ಸೇರಿದ ಜಾಲದಲ್ಲಿ ಕೇಬಲ್ ಫೀಡರುಗಳಿಗೆ ನಾನು ಸದಾ ಇದನ್ನೇ ಸೂಚಿಸುತ್ತೇನೆ. ದೋಷ ಪ್ರವಾಹ 5 ಆಂಪಿಯರಿಗೆ ಸೀಮಿತವಾದ ಹೆಚ್ಚು ರೋಧದ ಜಾಲದಲ್ಲಿಯಂತೂ ಬೇರೆ ದಾರಿಯೇ ಇಲ್ಲ; 600/1 ಸಿ.ಟಿ.ಗಳ ಮೊತ್ತದಲ್ಲಿ 5 ಆಂಪಿಯರನ್ನು ನಂಬಿಕೆಯಿಂದ ಗುರುತಿಸಲು ಸಾಧ್ಯವಿಲ್ಲ.

ಆದರೆ ಕೋರ್ ಬ್ಯಾಲೆನ್ಸ್ ಸಿ.ಟಿ. ಅಳವಡಿಸುವಾಗ ಆಗುವ ಒಂದು ತಪ್ಪು ಅದನ್ನು ಪೂರ್ತಿ ಕುರುಡಾಗಿಸುತ್ತದೆ. ಕೋರ್‌ಗಳ (ಒಳಗಿನ ವಾಹಕ ತಂತಿಗಳ) ಸುತ್ತ ಆರ್ಮರ್ ಅಥವಾ ಸ್ಕ್ರೀನ್ ಎಂಬ ಲೋಹದ ಹೊದಿಕೆ ಇರುವ ಕೇಬಲ್ ಇಡಿಯಾಗಿ ಉಂಗುರದೊಳಗೆ ಹಾದುಹೋಗಿ, ಆ ಸ್ಕ್ರೀನನ್ನು ಉಂಗುರ ದಾಟಿದ ಮೇಲೆ ನೇರವಾಗಿ ಭೂಮಿಗೆ ಜೋಡಿಸಿದ್ದಾರೆ ಎಂದುಕೊಳ್ಳಿ. ಕೇಬಲ್ಲಿನ ಒಳಗೆ ಕೋರ್‌ನಿಂದ ಸ್ಕ್ರೀನ್‌ಗೆ ದೋಷವಾದಾಗ ಪ್ರವಾಹ ಕೋರ್‌ನಲ್ಲಿ ಹೋಗಿ ಸ್ಕ್ರೀನ್‌ನಲ್ಲಿ ಮರಳುತ್ತದೆ. ಎರಡೂ ಉಂಗುರದೊಳಗೇ ಇರುವುದರಿಂದ ಒಂದನ್ನೊಂದು ಅಳಿಸುತ್ತವೆ, ರಿಲೇಗೆ ಏನೂ ಕಾಣುವುದಿಲ್ಲ. ಸ್ಕ್ರೀನಿನ ಭೂತಂತಿಯನ್ನು ಅದೇ ಉಂಗುರದ ಮೂಲಕ ಹಿಂದಕ್ಕೆ ಹಾಯಿಸಿ ನಂತರ ಭೂಮಿಗೆ ಜೋಡಿಸಿದರೆ ಸ್ಕ್ರೀನಿನ ಪ್ರವಾಹ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಹರಿದು ತಾನೇ ರದ್ದಾಗುತ್ತದೆ, ಕೋರ್‌ನ ಪ್ರವಾಹ ಮಾತ್ರ ಉಳಿಯುತ್ತದೆ. ಸ್ಕ್ರೀನನ್ನು ಉಂಗುರಕ್ಕೆ ಮೊದಲೇ ಕೊನೆಗೊಳಿಸಿ ಕೋರ್‌ಗಳನ್ನು ಮಾತ್ರ ಉಂಗುರದೊಳಗೆ ಹಾಯಿಸಿದ್ದರೆ ಭೂತಂತಿಯನ್ನು ಹಿಂದಕ್ಕೆ ಹಾಯಿಸಬಾರದು. ಕೇಬಲ್ ಜೋಡಿಸುವವರಿಗೆ ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ನಕ್ಷೆಯಲ್ಲಿ ಬಿಡಿಸಿಕೊಡಬೇಕು. ನಾನು ಪರಿಶೀಲಿಸಿದ ಒಂದು ಸ್ಥಾವರದಲ್ಲಿ ಒಂದೇ ಸಾಲಿನ ಪ್ಯಾನೆಲ್‌ಗಳಲ್ಲಿ ಕೆಲವು ಸರಿಯಾಗಿಯೂ ಕೆಲವು ತಪ್ಪಾಗಿಯೂ ಇದ್ದವು. ಎಲ್ಲದರ ಮೇಲೂ ಪರೀಕ್ಷೆ ಮುಗಿದಿದೆ ಎಂಬ ಚೀಟಿ ಇತ್ತು, ಏಕೆಂದರೆ ರಿಲೇಗಳನ್ನು ಮಾತ್ರ ಪರೀಕ್ಷಿಸಿದ್ದರು.

ಕೇಬಲ್ ಉಂಗುರದ ಮಧ್ಯದಲ್ಲಿ ನೇರವಾಗಿ ಹಾದುಹೋಗಬೇಕು. ಒಂದು ಅಂಚಿಗೆ ಒತ್ತಿಕೊಂಡಿದ್ದರೆ ಅಥವಾ ಉಂಗುರದ ಪಕ್ಕದಲ್ಲೇ ಬಾಗಿದ್ದರೆ ಭಾರೀ ಪ್ರವಾಹದಲ್ಲಿ ಉಂಗುರದ ಒಂದು ಭಾಗ ಸಂತೃಪ್ತವಾಗಿ ಸುಳ್ಳು ಸಂಕೇತ ಬರಬಹುದು.

ನ್ಯೂಟ್ರಲ್ ತಂತಿಯ ಮೇಲಿನ ಸಿ.ಟಿ. ಮೂರನೆಯ ದಾರಿ. ಜಾಲದಲ್ಲಿ ಎಲ್ಲಿ ಭೂದೋಷವಾದರೂ ಪ್ರವಾಹ ಮೂಲಕ್ಕೆ ಹಿಂತಿರುಗುವ ಏಕೈಕ ದಾರಿ ಇದಾದ್ದರಿಂದ ಈ ಸಿ.ಟಿ. ಎಲ್ಲವನ್ನೂ ನೋಡುತ್ತದೆ, ಅದೇ ಕಾರಣದಿಂದ ದೋಷ ಯಾವ ಫೀಡರಿನಲ್ಲಿದೆ ಎಂದು ತಿಳಿಯದು. ಆದ್ದರಿಂದ ಇದು ಎಲ್ಲಕ್ಕಿಂತ ನಿಧಾನವಾದ, ಕೊನೆಯ ಕಾವಲುಗಾರನಾಗಿರಬೇಕು. ಫೀಡರುಗಳಲ್ಲಿ ಯಾವುದೇ ರಕ್ಷಣೆ ಇಡದೆ ಇದೊಂದನ್ನೇ ನಂಬಿದರೆ ಒಂದು ಚಿಕ್ಕ ಮೋಟಾರಿನ ದೋಷಕ್ಕೆ ಇಡೀ ಸ್ಥಾವರ ಕತ್ತಲಾಗುತ್ತದೆ.

ಆರೋಗ್ಯವಂತ ಫೀಡರ್ ಟ್ರಿಪ್ ಆಗುವುದೇಕೆ

ಕೋರ್ ಬ್ಯಾಲೆನ್ಸ್ ಸಿ.ಟಿ. ಸೂಕ್ಷ್ಮವಾಗಿದೆಯೆಂದು ಸೆಟ್ಟಿಂಗನ್ನು ಮನಬಂದಷ್ಟು ಕೆಳಗಿಳಿಸಲಾಗದು. ಪ್ರತಿ ಕೇಬಲ್ಲಿಗೂ ಭೂಮಿಯೊಂದಿಗೆ ಧಾರಕತೆ ಇರುತ್ತದೆ. ಬೇರೊಂದು ಫೀಡರಿನಲ್ಲಿ ಭೂದೋಷವಾದಾಗ ಆರೋಗ್ಯವಂತ ಫೀಡರಿನ ಧಾರಕ ಪ್ರವಾಹ ಅಸಮತೋಲವಾಗಿ, ಅದರದೇ ಉಂಗುರಕ್ಕೆ ಶೇಷವಾಗಿ ಕಾಣುತ್ತದೆ. ಪ್ರತಿ ಕಿಲೋಮೀಟರಿಗೆ 0.4 ಮೈಕ್ರೋಫ್ಯಾರಡ್ ಇರುವ 11 ಕಿಲೋವೋಲ್ಟ್ ಕೇಬಲ್ಲಿನಲ್ಲಿ, 50 ಹರ್ಟ್ಸ್ ಆವರ್ತನದಲ್ಲಿ, ಒಂದು ಫೇಸ್‌ಗೆ ಸುಮಾರು 0.8 ಆಂಪಿಯರ್, ಮೂರೂ ಸೇರಿ ಸುಮಾರು 2.4 ಆಂಪಿಯರ್ ಪ್ರತಿ ಕಿಲೋಮೀಟರಿಗೆ ಹರಿಯುತ್ತದೆ. ಮೂರು ಕಿಲೋಮೀಟರ್ ಉದ್ದದ ಫೀಡರಿಗೆ ಇದು 7.2 ಆಂಪಿಯರ್. ಮೇಲೆ ಹೇಳಿದ 5 ಆಂಪಿಯರಿನ ಸೆಟ್ಟಿಂಗ್ ಈ ಫೀಡರಿನಲ್ಲಿದ್ದರೆ, ನೆರೆಯ ಫೀಡರಿನ ದೋಷಕ್ಕೆ ಇದೂ ಟ್ರಿಪ್ ಆಗುತ್ತದೆ. ಹಾಗಾಗಿ ಸೆಟ್ಟಿಂಗ್ ಫೀಡರಿನ ಸ್ವಂತ ಧಾರಕ ಪ್ರವಾಹಕ್ಕಿಂತ ಸಾಕಷ್ಟು ಮೇಲಿರಬೇಕು. ನಾನು ಎರಡು ಪಟ್ಟನ್ನು ಗುರಿಯಾಗಿಟ್ಟುಕೊಂಡು ಇಲ್ಲಿ 15 ಆಂಪಿಯರಿನ ಹತ್ತಿರ ಇಡುತ್ತೇನೆ. 400 ಆಂಪಿಯರಿನ ಜಾಲದಲ್ಲಿ ಅದು ಶೇಕಡಾ 4ಕ್ಕಿಂತ ಕಡಿಮೆ, ಶೇಷ ಜೋಡಣೆಯ ಶೇಕಡಾ 15ಕ್ಕಿಂತ ಈಗಲೂ ಬಹಳ ಉತ್ತಮ.

ಇದೇ ಲೆಕ್ಕ ನ್ಯೂಟ್ರಲ್ ರೋಧಕದ ಆಯ್ಕೆಯನ್ನೂ ನಿರ್ಣಯಿಸುತ್ತದೆ. ರೋಧಕದ ಪ್ರವಾಹ ಇಡೀ ಜಾಲದ ಒಟ್ಟು ಧಾರಕ ಪ್ರವಾಹಕ್ಕಿಂತ ಕಡಿಮೆ ಇರಬಾರದು. ಇದ್ದರೆ ಬಿಟ್ಟುಬಿಟ್ಟು ಹೊತ್ತಿಕೊಳ್ಳುವ ಕಿಡಿಗಳಿಂದ ವೋಲ್ಟೇಜ್ ಮೇಲೇರುವ ಅಪಾಯವಿದೆ. ಒಟ್ಟು 20 ಕಿಲೋಮೀಟರ್ ಕೇಬಲ್ ಇರುವ ನಮ್ಮ ಉದಾಹರಣೆಯ ಜಾಲದಲ್ಲಿ ಧಾರಕ ಪ್ರವಾಹ 48 ಆಂಪಿಯರ್ ಆಗುವುದರಿಂದ 10 ಆಂಪಿಯರಿನ ಹೆಚ್ಚು ರೋಧದ ಪದ್ಧತಿ ಅಲ್ಲಿ ಹೊಂದುವುದೇ ಇಲ್ಲ. ಸ್ಥಾವರ ಬೆಳೆದು ಹೊಸ ಕೇಬಲ್ಲುಗಳು ಸೇರಿದಾಗ ಈ ಲೆಕ್ಕವನ್ನು ಮತ್ತೆ ಮಾಡಬೇಕೆಂಬುದು ಸುಲಭವಾಗಿ ಮರೆತುಹೋಗುತ್ತದೆ.

ನಾಲ್ಕು ತಂತಿಯ ಕಡಿಮೆ ವೋಲ್ಟೇಜ್ ಪ್ಯಾನೆಲ್

ನ್ಯೂಟ್ರಲ್ ತಂತಿಯೂ ಲೋಡ್ ಪ್ರವಾಹವನ್ನು ಹೊರುವ ಜಾಲದಲ್ಲಿ ಮೂರು ಸಿ.ಟಿ.ಗಳ ಮೊತ್ತ ಸಾಲದು. ಫೇಸ್‌ಗಳ ನಡುವಿನ ಅಸಮತೋಲ, ಕಂಪ್ಯೂಟರು ಮತ್ತು ಎಲ್‌ಇಡಿ ದೀಪಗಳಂತಹ ಲೋಡುಗಳ ಮೂರನೆಯ ಹಾರ್ಮೋನಿಕ್ (ಮೂಲ ಆವರ್ತನದ ಮೂರು ಪಟ್ಟಿನಲ್ಲಿ ಹರಿಯುವ ಪ್ರವಾಹ) ಎಲ್ಲವೂ ನ್ಯೂಟ್ರಲ್‌ನಲ್ಲಿ ಮರಳುತ್ತವೆ; ರಿಲೇ ಅದನ್ನೇ ದೋಷವೆಂದು ತಿಳಿಯುತ್ತದೆ. ನ್ಯೂಟ್ರಲ್ ಮೇಲೆ ಅದೇ ಅನುಪಾತದ ನಾಲ್ಕನೆಯ ಸಿ.ಟಿ. ಬೇಕು, ಅದರ ಧ್ರುವತೆ ಸರಿಯಿರಬೇಕು. ಧ್ರುವತೆ ತಿರುಗಿದರೆ ನ್ಯೂಟ್ರಲ್ ಪ್ರವಾಹ ಅಳಿಯುವ ಬದಲು ಎರಡು ಪಟ್ಟಾಗಿ ಕಾಣುತ್ತದೆ. ಪ್ಯಾನೆಲ್ ಚಾಲೂ ಮಾಡಿದ ಮೊದಲ ದಿನಗಳಲ್ಲಿ ಲೋಡ್ ಕಡಿಮೆಯಿದ್ದು ಈ ತಪ್ಪು ಮುಚ್ಚಿಹೋಗಿರುತ್ತದೆ, ಲೋಡ್ ಏರಿದಾಗ ಕಾರಣ ತಿಳಿಯದ ಟ್ರಿಪ್‌ಗಳು ಶುರುವಾಗುತ್ತವೆ.

ಟ್ರಾನ್ಸ್‌ಫಾರ್ಮರ್ ಒಂದು, ಜನರೇಟರ್ ಒಂದು ಇದ್ದು ಎರಡರ ನ್ಯೂಟ್ರಲ್‌ಗಳೂ ತಮ್ಮ ತಮ್ಮ ಜಾಗದಲ್ಲಿ ಭೂಮಿಗೆ ಸೇರಿದ್ದು, ನಡುವಿನ ಚೇಂಜೋವರ್ ಸ್ವಿಚ್ಚು ಮೂರು ಧ್ರುವದ್ದಾಗಿದ್ದರೆ ಇನ್ನೂ ದೊಡ್ಡ ತೊಡಕಿದೆ. ನ್ಯೂಟ್ರಲ್ ಎಂದಿಗೂ ಕತ್ತರಿಸಲ್ಪಡದ ಕಾರಣ ದೋಷ ಪ್ರವಾಹದ ಒಂದು ಪಾಲು ಜನರೇಟರಿನ ಭೂಸಂಪರ್ಕದಿಂದ ಬಂದು ನ್ಯೂಟ್ರಲ್ ತಂತಿಯ ಮೂಲಕ ಟ್ರಾನ್ಸ್‌ಫಾರ್ಮರಿಗೆ ಮರಳುತ್ತದೆ. ಆ ಪಾಲನ್ನು ನಾಲ್ಕನೆಯ ಸಿ.ಟಿ. ಲೋಡೆಂದು ಕಳೆದುಬಿಡುತ್ತದೆ, ರಿಲೇಗೆ ದೋಷ ಚಿಕ್ಕದಾಗಿ ಕಾಣುತ್ತದೆ. ಲೋಡಿನ ನ್ಯೂಟ್ರಲ್ ಪ್ರವಾಹದ ಒಂದು ಭಾಗ ಭೂಮಿಯ ದಾರಿ ಹಿಡಿದು, ದೋಷವಿಲ್ಲದೆಯೇ ಟ್ರಿಪ್ ಆಗುವುದೂ ಉಂಟು. ಎರಡು ಮೂಲಗಳ ಪ್ಯಾನೆಲ್ಲಿಗೆ ನಾಲ್ಕು ಧ್ರುವದ ಸ್ವಿಚ್ಚು ಅಥವಾ ಒಂದೇ ಜಾಗದ ಭೂಸಂಪರ್ಕ, ಇವೆರಡರಲ್ಲಿ ಒಂದನ್ನು ಮೊದಲೇ ನಿರ್ಧರಿಸಿಕೊಳ್ಳದೆ ರಿಲೇಯ ಸೆಟ್ಟಿಂಗ್ ಕುರಿತು ಮಾತನಾಡುವುದು ವ್ಯರ್ಥ.

ಕಾಲದ ಆಯ್ಕೆ: ಸ್ಥಿರ ಕಾಲವೋ, ವಿಲೋಮ ವಕ್ರರೇಖೆಯೋ

ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ ವಕ್ರರೇಖೆಗಳಲ್ಲಿ ಸ್ಟ್ಯಾಂಡರ್ಡ್ ಇನ್ವರ್ಸ್ ರೇಖೆ, ಕಾಲಗುಣಕ (ರೇಖೆಯ ಕಾಲವನ್ನು ಗುಣಿಸುವ ಸೆಟ್ಟಿಂಗ್) 1 ಇದ್ದಾಗ, ಸೆಟ್ಟಿಂಗಿನ ಎರಡು ಪಟ್ಟು ಪ್ರವಾಹಕ್ಕೆ ಸುಮಾರು 10 ಸೆಕೆಂಡು, ಐದು ಪಟ್ಟಿಗೆ 4.3 ಸೆಕೆಂಡು, ಹತ್ತು ಪಟ್ಟಿಗೆ 3 ಸೆಕೆಂಡು ತೆಗೆದುಕೊಳ್ಳುತ್ತದೆ. ವೆರಿ ಇನ್ವರ್ಸ್ ರೇಖೆಯಲ್ಲಿ ಇವೇ ಕಾಲಗಳು ಕ್ರಮವಾಗಿ 13.5, 3.4 ಮತ್ತು 1.5 ಸೆಕೆಂಡು. ಪ್ರವಾಹ ಹೆಚ್ಚಿದಂತೆ ಬೇಗ ಟ್ರಿಪ್ ಆಗುವ ಈ ಗುಣ ಉಪಯೋಗಕ್ಕೆ ಬರುವುದು ದೋಷದ ಜಾಗಕ್ಕೆ ತಕ್ಕಂತೆ ಪ್ರವಾಹ ಬದಲಾಗುವ ಜಾಲದಲ್ಲಿ, ಎಂದರೆ ನ್ಯೂಟ್ರಲ್ ನೇರವಾಗಿ ಭೂಮಿಗೆ ಸೇರಿರುವ, ಉದ್ದವಾದ ಲೈನುಗಳಿರುವ ಜಾಲದಲ್ಲಿ.

ರೋಧಕದ ಮೂಲಕ ಭೂಮಿಗೆ ಸೇರಿದ ಜಾಲದಲ್ಲಿ ಹಾಗಿಲ್ಲ. 15.9 ಓಮ್‌ನ ರೋಧಕದ ಮುಂದೆ ಕೇಬಲ್ಲಿನ ಅರ್ಧ ಓಮ್ ಲೆಕ್ಕಕ್ಕೇ ಬರುವುದಿಲ್ಲ; ದೋಷ ಪ್ಯಾನೆಲ್ಲಿನ ಬಳಿಯಾದರೂ, ಕೇಬಲ್ಲಿನ ತುದಿಯಲ್ಲಾದರೂ ಪ್ರವಾಹ ಹೆಚ್ಚುಕಡಿಮೆ 400 ಆಂಪಿಯರೇ. ವಿಲೋಮ ರೇಖೆ ಇಲ್ಲಿ ಜಾಗವನ್ನು ಗುರುತಿಸಲು ಸಹಾಯ ಮಾಡುವುದಿಲ್ಲ, ಕಾಲವನ್ನು ಮಾತ್ರ ಅನಿಶ್ಚಿತಗೊಳಿಸುತ್ತದೆ. ಆದ್ದರಿಂದ ಇಲ್ಲಿ ಸ್ಥಿರ ಕಾಲವೇ ಸರಿ: ಮೋಟಾರು ಫೀಡರಿಗೆ 0.1 ಸೆಕೆಂಡು, ಒಳಬರುವ ಬ್ರೇಕರಿಗೆ 0.4, ನ್ಯೂಟ್ರಲ್ ಮೇಲಿನ ಕೊನೆಯ ರಕ್ಷಣೆಗೆ 0.7ರಿಂದ 1 ಸೆಕೆಂಡು. ಹಂತಗಳ ನಡುವೆ ನ್ಯೂಮರಿಕಲ್ (ಮೈಕ್ರೋಪ್ರೊಸೆಸರ್ ಆಧಾರಿತ) ರಿಲೇಗಳಾದರೆ 0.3 ಸೆಕೆಂಡು, ತಿರುಗುವ ತಟ್ಟೆಯ ಹಳೆಯ ರಿಲೇಗಳಾದರೆ 0.4 ಸೆಕೆಂಡು ಅಂತರ ಸಾಮಾನ್ಯ. ರೋಧಕಕ್ಕೆ ಹೆಚ್ಚಾಗಿ 10 ಸೆಕೆಂಡುಗಳ ಸಾಮರ್ಥ್ಯ ಮಾತ್ರ ಇರುವುದರಿಂದ, ಕೊನೆಯ ಹಂತವೂ ಅದಕ್ಕಿಂತ ಬಹಳ ಮೊದಲೇ ಮುಗಿಯಬೇಕು. ಭೂದೋಷದ ಹೊಂದಾಣಿಕೆಯನ್ನು ಫೇಸ್ ರಕ್ಷಣೆಯ ಹೊಂದಾಣಿಕೆಯಿಂದ ಪ್ರತ್ಯೇಕವಾಗಿಯೇ ಬರೆಯಬೇಕು. ಡೆಲ್ಟಾ–ಸ್ಟಾರ್ ಟ್ರಾನ್ಸ್‌ಫಾರ್ಮರಿನ ಸ್ಟಾರ್ ಬದಿಯ ಭೂದೋಷ ಡೆಲ್ಟಾ ಬದಿಯ ಶೇಷ ರಿಲೇಗೆ ಕಾಣುವುದೇ ಇಲ್ಲವಾದ್ದರಿಂದ ಎರಡು ಬದಿಗಳ ಭೂದೋಷ ರಿಲೇಗಳ ನಡುವೆ ಕಾಲದ ಹೊಂದಾಣಿಕೆಯ ಅಗತ್ಯವಿಲ್ಲ.

ಹಂತಗಳು ಹೆಚ್ಚಾಗಿ ಮೇಲಿನ ಬ್ರೇಕರಿನ ಕಾಲ ಒಂದು ಸೆಕೆಂಡಿನ ಹತ್ತಿರ ಹೋಗುತ್ತಿದ್ದರೆ ವಲಯ ಇಂಟರ್‌ಲಾಕ್ ಪದ್ಧತಿಯನ್ನು ಪರಿಗಣಿಸಬೇಕು. ದೋಷ ಕಂಡ ಕೆಳಹಂತದ ರಿಲೇ ಮೇಲ್ಹಂತದ ರಿಲೇಗೆ ತಡೆ ಸಂಕೇತ ಕಳಿಸುತ್ತದೆ; ಸಂಕೇತ ಬಾರದಿದ್ದರೆ ದೋಷ ತನ್ನ ವಲಯದಲ್ಲೇ ಇದೆ ಎಂದು ತಿಳಿದು ಮೇಲ್ಹಂತದ ರಿಲೇ ವಿಳಂಬವಿಲ್ಲದೆ ಟ್ರಿಪ್ ಕೊಡುತ್ತದೆ.

ವಿಶೇಷ ರಕ್ಷಣೆಗಳು

ಟ್ರಾನ್ಸ್‌ಫಾರ್ಮರಿನ ಸುತ್ತಿಗೆ ವೇಗದ ರಕ್ಷಣೆ ಬೇಕಾದಾಗ ಫೇಸ್ ಸಿ.ಟಿ.ಗಳ ಮೊತ್ತವನ್ನು ನ್ಯೂಟ್ರಲ್ ಸಿ.ಟಿ.ಯೊಂದಿಗೆ ಹೋಲಿಸುವ ಸೀಮಿತ ಭೂದೋಷ ರಕ್ಷಣೆಯನ್ನು ಬಳಸುತ್ತಾರೆ. ಹೊರಗಿನ ದೋಷಕ್ಕೆ ಇದು ಸ್ಪಂದಿಸದು, ಹಾಗಾಗಿ ವಿಳಂಬವೂ ಬೇಡ. ಹೈ ಇಂಪಿಡೆನ್ಸ್ ಬಗೆಯ ರಕ್ಷಣೆಗೆ ಒಂದೇ ಅನುಪಾತದ, ಸಾಕಷ್ಟು ಮಂಡಿ ವೋಲ್ಟೇಜಿನ (ಸಿ.ಟಿ. ಸಂತೃಪ್ತವಾಗತೊಡಗುವ ವೋಲ್ಟೇಜ್) ಪ್ರತ್ಯೇಕ ಸಿ.ಟಿ.ಗಳು ಬೇಕು, ಹೊರಗಿನ ದೋಷದಲ್ಲಿ ಒಂದು ಸಿ.ಟಿ. ಪೂರ್ತಿ ಸಂತೃಪ್ತವಾದರೆ ರಿಲೇಯ ಮೇಲೆ ಬರುವ ವೋಲ್ಟೇಜನ್ನು ಲೆಕ್ಕ ಹಾಕಿ ಸೆಟ್ಟಿಂಗನ್ನು ಅದಕ್ಕಿಂತ ಮೇಲಿಡಬೇಕು, ಸಿ.ಟಿ.ಗಳ ಮಂಡಿ ವೋಲ್ಟೇಜ್ ಆ ಸೆಟ್ಟಿಂಗಿನ ಎರಡು ಪಟ್ಟಾದರೂ ಇರಬೇಕು. ಲೋ ಇಂಪಿಡೆನ್ಸ್ ಬಗೆಯ ನ್ಯೂಮರಿಕಲ್ ರಿಲೇ ಬೇರೆ ಬೇರೆ ಅನುಪಾತದ ಸಿ.ಟಿ.ಗಳನ್ನೂ ಸಹಿಸುತ್ತದೆ. ಹೊಸ ಸ್ಥಾವರದಲ್ಲಿ ಸಿ.ಟಿ.ಗಳನ್ನು ನಾವೇ ಆರಿಸಬಹುದಾದರೆ ಮೊದಲನೆಯದರ ಸ್ಥಿರತೆ ನನಗೆ ಇಷ್ಟ, ಇರುವ ಸಿ.ಟಿ.ಗಳೊಂದಿಗೆ ಹೊಂದಿಕೊಳ್ಳಬೇಕಾದರೆ ಎರಡನೆಯದು.

ಸಮಾನಾಂತರ ಫೀಡರುಗಳು ಅಥವಾ ಎರಡೂ ತುದಿಯಲ್ಲಿ ಮೂಲಗಳಿರುವ ಜಾಲಕ್ಕೆ ದೋಷದ ದಿಕ್ಕನ್ನು ಗುರುತಿಸುವ 67ಎನ್ ರಿಲೇ ಬೇಕು. ಅದಕ್ಕೆ ಶೇಷ ವೋಲ್ಟೇಜ್ (ಮೂರು ಫೇಸ್ ವೋಲ್ಟೇಜುಗಳ ಮೊತ್ತ) ಕೊಡುವ ವೋಲ್ಟೇಜ್ ಟ್ರಾನ್ಸ್‌ಫಾರ್ಮರುಗಳು ಐದು ಕಾಲಿನವು ಅಥವಾ ಮೂರು ಬಿಡಿ ಫೇಸ್‌ನವು ಆಗಿರಬೇಕು, ಪ್ರಾಥಮಿಕ ಬದಿಯ ಸ್ಟಾರ್ ಬಿಂದು ಭೂಮಿಗೆ ಸೇರಿರಬೇಕು. ದಿಕ್ಕನ್ನು ತೀರ್ಮಾನಿಸುವ ಕೋನದ ಚಿಹ್ನೆಯ ಪದ್ಧತಿ ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಒಂದು ರಿಲೇಯ ಸೆಟ್ಟಿಂಗನ್ನು ಇನ್ನೊಂದಕ್ಕೆ ನಕಲು ಮಾಡಬಾರದು.

ಹಳೆಯ ರಿಲೇಯನ್ನು ಉಳಿಸಿಕೊಳ್ಳಬೇಕೇ

ತಿರುಗುವ ತಟ್ಟೆಯ ರಿಲೇಗಳು ದಶಕಗಳ ಕಾಲ ನಂಬಿಕೆಯಿಂದ ದುಡಿದಿವೆ. ಆದರೆ ಭೂದೋಷಕ್ಕೆ ಅವುಗಳಲ್ಲಿ ಒಂದು ಮೂಲಭೂತ ಮಿತಿಯಿದೆ. ಸೆಟ್ಟಿಂಗ್ ಎಷ್ಟೇ ಇರಲಿ, ಕೆಲಸ ಮಾಡಲು ಅದಕ್ಕೆ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಬೇಕು. 3 ವೋಲ್ಟ್-ಆಂಪಿಯರ್ ಬೇಡುವ 1 ಆಂಪಿಯರಿನ ರಿಲೇಯನ್ನು ಶೇಕಡಾ 10ಕ್ಕೆ ಇಟ್ಟರೆ 0.1 ಆಂಪಿಯರಿಗೆ 30 ವೋಲ್ಟ್ ಬೇಕಾಗುತ್ತದೆ, ಎಂದರೆ ಅದು ಸಿ.ಟಿ.ಗೆ 300 ಓಮ್ ಆಗಿ ಕಾಣುತ್ತದೆ. ಈ 30 ವೋಲ್ಟನ್ನು ದೋಷವಿರುವ ಫೇಸ್‌ನ ಸಿ.ಟಿ. ಒದಗಿಸುವಾಗ ಮೂರೂ ಸಿ.ಟಿ.ಗಳು ಅದೇ ವೋಲ್ಟೇಜಿಗೆ ಕಾಂತೀಕರಣ ಪ್ರವಾಹವನ್ನು ಎಳೆದುಕೊಳ್ಳುತ್ತವೆ. ಪ್ರತಿಯೊಂದೂ 0.05 ಆಂಪಿಯರ್ ಎಳೆದರೆ ಒಟ್ಟು ಬೇಕಾದದ್ದು 0.25 ಆಂಪಿಯರ್, 600/1 ಅನುಪಾತದಲ್ಲಿ ಅದು 150 ಆಂಪಿಯರ್. ಮುಖಫಲಕದ ಮೇಲೆ 60 ಎಂದು ಓದುವ ರಿಲೇ ನಿಜವಾಗಿ 150ಕ್ಕೆ ಕೆಲಸ ಮಾಡುತ್ತದೆ. ಕೆಲವೊಮ್ಮೆ ಶೇಕಡಾ 10ಕ್ಕಿಂತ ಶೇಕಡಾ 20ರ ಸೆಟ್ಟಿಂಗೇ ಹೆಚ್ಚು ಸೂಕ್ಷ್ಮವಾಗಿರುವುದು ಇದೇ ಕಾರಣದಿಂದ.

ನ್ಯೂಮರಿಕಲ್ ರಿಲೇಯ ಹೊರೆ ಅತ್ಯಲ್ಪವಾದ್ದರಿಂದ ಈ ಮಿತಿ ಬಹುತೇಕ ಇಲ್ಲವಾಗುತ್ತದೆ. ಸಿ.ಟಿ.ಗಳನ್ನು ಮುಟ್ಟದೆ ರಿಲೇಯನ್ನಷ್ಟೇ ಬದಲಿಸಿ ನಿಜವಾದ ಸೂಕ್ಷ್ಮತೆಯನ್ನು ಗಳಿಸುವ ಅಪರೂಪದ ಅವಕಾಶ ಇದು. ಹಳೆಯ ರಿಲೇ ಇನ್ನೂ ತಿರುಗುತ್ತಿದೆ ಎಂಬುದು ಅದನ್ನು ಉಳಿಸಿಕೊಳ್ಳಲು ಸಾಕಾದ ಕಾರಣವಲ್ಲ. ಹೊಸದರಲ್ಲಿ ಬೇರೆ ಬಗೆಯ ಎಚ್ಚರ ಬೇಕು. ಶೇಷ ಪ್ರವಾಹವನ್ನು ಫೇಸ್‌ಗಳಿಂದ ಲೆಕ್ಕ ಹಾಕಬೇಕೋ, ಪ್ರತ್ಯೇಕ ಇನ್‌ಪುಟ್‌ನಿಂದ ಅಳೆಯಬೇಕೋ ಎಂದು ಸೆಟ್ಟಿಂಗಿನಲ್ಲಿ ಆರಿಸಬೇಕಾಗುತ್ತದೆ. ಕೋರ್ ಬ್ಯಾಲೆನ್ಸ್ ಸಿ.ಟಿ.ಯನ್ನು ಜೋಡಿಸಿ, ಸೆಟ್ಟಿಂಗಿನಲ್ಲಿ ಲೆಕ್ಕದ ಮೌಲ್ಯವನ್ನೇ ಬಿಟ್ಟರೆ ಆ ಉಂಗುರ ಅಲಂಕಾರವಾಗಿ ಉಳಿಯುತ್ತದೆ. ಟ್ರಾನ್ಸ್‌ಫಾರ್ಮರ್ ಚಾಲೂ ಆಗುವಾಗಿನ ಎರಡನೆಯ ಹಾರ್ಮೋನಿಕ್‌ಗೆ ತಡೆ ಹಾಕುವ ಸೌಲಭ್ಯವಿದ್ದರೆ ಅದನ್ನು ಬಳಸುವುದು ಪಿಕಪ್ ಏರಿಸುವುದಕ್ಕಿಂತ ಮೇಲು. ವೇರಿಯೇಬಲ್ ಸ್ಪೀಡ್ ಡ್ರೈವ್‌ಗಳು ಹೆಚ್ಚಿರುವ ಕಡೆ ಅವುಗಳ ಫಿಲ್ಟರುಗಳಿಂದ ಭೂಮಿಗೆ ನಿರಂತರ ಸೋರಿಕೆ ಇರುತ್ತದೆ. ಮೂಲ ಆವರ್ತನವನ್ನಷ್ಟೇ ಅಳೆಯುವ ರಿಲೇ ಆ ಗದ್ದಲವನ್ನು ದಾಟಿ ನೋಡುತ್ತದೆ, ಆದರೆ ಡ್ರೈವ್‌ನ ಔಟ್‌ಪುಟ್ ಬದಿಯಲ್ಲಿ ಕಡಿಮೆ ಆವರ್ತನದಲ್ಲಿ ಓಡುತ್ತಿರುವ ಮೋಟಾರಿನ ದೋಷವನ್ನು ಅದೇ ರಿಲೇ ತಪ್ಪಿಸಬಹುದು. ಅಲ್ಲಿ ಡ್ರೈವ್‌ನೊಳಗಿನ ರಕ್ಷಣೆಯನ್ನೂ ಸೇರಿಸಿ ಯೋಚಿಸಬೇಕು.

ಚಾಲೂ ಮಾಡುವ ಮುನ್ನ

ರಿಲೇಯ ಮೇಲಿನ ಪರೀಕ್ಷಾ ಗುಂಡಿ ರಿಲೇಯನ್ನು ಮಾತ್ರ ಪರೀಕ್ಷಿಸುತ್ತದೆ. ಟರ್ಮಿನಲ್‌ಗಳಿಗೆ ಪ್ರವಾಹ ಕೊಡುವ ಸೆಕೆಂಡರಿ ಪರೀಕ್ಷೆ ರಿಲೇಯನ್ನೂ ಟ್ರಿಪ್ ತಂತಿಗಳನ್ನೂ ಪರೀಕ್ಷಿಸುತ್ತದೆ. ಸಿ.ಟಿ. ಅನುಪಾತ, ಧ್ರುವತೆ, ಸ್ಕ್ರೀನಿನ ಭೂತಂತಿಯ ದಾರಿ ಇವು ಯಾವುವೂ ಈ ಎರಡರಲ್ಲಿ ಸಿಕ್ಕಿಬೀಳುವುದಿಲ್ಲ. ಅದಕ್ಕೆ ಪ್ರಾಥಮಿಕ ಬದಿಯಲ್ಲೇ ನಿಜವಾದ ಪ್ರವಾಹವನ್ನು ಹಾಯಿಸಬೇಕು. ನಾಲ್ಕು ತಂತಿಯ ಪ್ಯಾನೆಲ್ಲಿನಲ್ಲಿ ಒಂದು ಫೇಸ್‌ನ ಮೂಲಕ ಮಾತ್ರ ಹಾಯಿಸಿದಾಗ ಸೆಟ್ಟಿಂಗಿನ ಮೌಲ್ಯದಲ್ಲಿ ಬ್ರೇಕರ್ ತೆರೆಯಬೇಕು. ಇದನ್ನು ಮೂರು ಫೇಸ್‌ಗಳಿಗೂ ಪ್ರತ್ಯೇಕವಾಗಿ ಮಾಡಬೇಕು. ಆಮೇಲೆ ಅದೇ ಪ್ರವಾಹವನ್ನು ಫೇಸ್‌ನಲ್ಲಿ ಕಳಿಸಿ ನ್ಯೂಟ್ರಲ್‌ನಲ್ಲಿ ಹಿಂದಕ್ಕೆ ತಂದಾಗ ಬ್ರೇಕರ್ ತೆರೆಯಬಾರದು. ಕೋರ್ ಬ್ಯಾಲೆನ್ಸ್ ಉಂಗುರವಿರುವ ಕೇಬಲ್ ಫೀಡರಿನಲ್ಲಿ, ದೂರದ ತುದಿಯಲ್ಲಿ ಒಂದು ಕೋರನ್ನು ಸ್ಕ್ರೀನಿಗೆ ಜೋಡಿಸಿ, ಪ್ರವಾಹವನ್ನು ಕೋರ್‌ನಲ್ಲಿ ಕಳಿಸಿ ಸ್ಕ್ರೀನಿನ ದಾರಿಯಲ್ಲಿ ಭೂಪಟ್ಟಿಯಿಂದ ಹಿಂದಕ್ಕೆ ತಂದಾಗ ರಿಲೇ ಎಚ್ಚೆತ್ತುಕೊಳ್ಳಲೇಬೇಕು. ಹಾಯಿಸಿದ ಪ್ರವಾಹ, ರಿಲೇಯ ಪರದೆ ತೋರಿಸಿದ ಪ್ರವಾಹ, ಬ್ರೇಕರ್ ತೆರೆಯಲು ತೆಗೆದುಕೊಂಡ ಕಾಲ, ಈ ಮೂರನ್ನೂ ಪ್ರತಿ ಫೀಡರಿಗೂ ಬರೆದಿಟ್ಟರೆ, ಮುಂದೆ ಯಾರಾದರೂ ಸಿ.ಟಿ. ಬದಲಿಸಿದಾಗ ಅಥವಾ ಕೇಬಲ್ಲನ್ನು ಮತ್ತೆ ಜೋಡಿಸಿದಾಗ ಹೋಲಿಸಿ ನೋಡಲು ಒಂದು ಮೂಲ ಅಳತೆ ಇರುತ್ತದೆ.